ಅರಿಶಿನದ ಕಷಾಯವೂ ಪಿತ್ತಕೋಶದ ಕಲ್ಲೂ: ಶಿವಮೊಗ್ಗ ಜಿಲ್ಲೆಯ ಆಯುಷ್ ಮತ್ತು ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲಾ ಆಯುಷ್ ಅಧಿಕಾರಿಗಳಿಗೂ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೂ,

ಮಾನ್ಯರೇ,

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ವರದಿ ಬಂದ ಮನೆಗೆ ನಮ್ಮ ಮಲೆನಾಡಿನಲ್ಲಿ ಎರಡು ಸಲಹೆಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬಂದು ತಲುಪುತ್ತವೆ. ನೋವು ಕಾಣಿಸಿಕೊಂಡಿದ್ದರೆ ಪಿತ್ತಕೋಶವನ್ನು ತೆಗೆಸಿಬಿಡುವುದೇ ಒಳ್ಳೆಯದು ಎಂಬುದು ಶಸ್ತ್ರಚಿಕಿತ್ಸಕರ ಸಲಹೆ. ಕೊಯ್ಯಿಸಿಕೊಳ್ಳುವುದೇನೂ ಬೇಡ, ಅರಿಶಿನ ಹಾಕಿದ ಕಷಾಯವನ್ನು ಒಂದು ಮಂಡಲ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಕಲ್ಲು ಕರಗಿ ಹೋಗುತ್ತದೆ ಎಂಬುದು ನೆಂಟರಿಷ್ಟರ ಸಲಹೆ. ಈ ಎರಡನೆಯ ಸಲಹೆಯ ಬೆನ್ನಿಗೆ ಎಷ್ಟು ಪುರಾವೆ ಇದೆ, ಅದು ಎಲ್ಲಿಗೆ ಮುಗಿಯುತ್ತದೆ, ಆ ಗಡಿ ದಾಟಿ ಔಷಧಿ ಕೊಡುವುದರಿಂದ ಆಗುವ ಅಪಾಯವನ್ನು ತಪ್ಪಿಸಲು ತಮ್ಮ ಎರಡೂ ಇಲಾಖೆಗಳು ಕೂಡಿ ಏನು ಮಾಡಬಹುದು ಎಂಬುದನ್ನು ತಮ್ಮ ಮುಂದೆಯೂ ಜಿಲ್ಲೆಯ ಜನರ ಮುಂದೆಯೂ ಇಡುವ ಸಲುವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾಟಿ ವೈದ್ಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ನಮ್ಮ ಹಿತ್ತಲಿನಲ್ಲಿ ಅರಿಶಿನ ಬೆಳೆಯುತ್ತದೆ, ಅದರ ಎಲೆಯಲ್ಲಿ ಕಡುಬು ಬೇಯುತ್ತದೆ, ಶೀತವಾದರೆ ಮಕ್ಕಳ ಹಾಲಿಗೆ ಅದರ ಪುಡಿ ಬೀಳುತ್ತದೆ. ಅರಿಶಿನವನ್ನು ಅನುಮಾನದಿಂದ ನೋಡುವ ಮನೆ ನಮ್ಮದಲ್ಲ.

ಆದ್ದರಿಂದ ಅರಿಶಿನದ ಪರವಾಗಿ ಹೇಳಬೇಕಾದ್ದನ್ನೇ ಮೊದಲು ಹೇಳುತ್ತೇನೆ. ಅದು ಕಡಿಮೆಯೇನೂ ಇಲ್ಲ. ನಮ್ಮ ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಪಿತ್ತಕೋಶವೆಂಬುದು 30ರಿಂದ 50 ಮಿಲಿಲೀಟರ್ ಹಿಡಿಯುವ ಒಂದು ಪುಟ್ಟ ಚೀಲ. ಊಟದ ನಡುವಿನ ಬಿಡುವಿನಲ್ಲಿ ಅದು ಆ ರಸವನ್ನು ಕೂಡಿಟ್ಟುಕೊಂಡು, ನೀರಿನಂಶವನ್ನು ಹೀರಿ ಗಟ್ಟಿಮಾಡಿ, ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಸಂಕುಚಿಸಿ ಹೊರಹಾಕುತ್ತದೆ. ಈ ಚೀಲ ಸರಿಯಾಗಿ ಖಾಲಿಯಾಗದೆ ರಸ ಒಳಗೇ ನಿಂತರೆ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಇಂಡೋನೇಷ್ಯಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 12 ಮಂದಿ ಆರೋಗ್ಯವಂತರಿಗೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ ಅನ್ನು 20 ಮಿಲಿಗ್ರಾಂನಷ್ಟು ಕೊಟ್ಟು, ಅಲ್ಟ್ರಾಸೌಂಡ್ ಮೂಲಕ ಅವರ ಪಿತ್ತಕೋಶದ ಗಾತ್ರವನ್ನು ಅಳೆದು, ಔಷಧಿಯಿಲ್ಲದ ಹುಸಿ ಮಾತ್ರೆಯ ಪರಿಣಾಮದೊಂದಿಗೆ ಹೋಲಿಸಿದರು. ಎರಡು ಗಂಟೆಗಳೊಳಗೆ ಪಿತ್ತಕೋಶದ ಗಾತ್ರ ಸರಾಸರಿ ಶೇ 29ರಷ್ಟು ಕುಗ್ಗಿತ್ತು. ಅದೇ ಸಂಶೋಧಕರು 2002ರಲ್ಲಿ 20, 40 ಮತ್ತು 80 ಮಿಲಿಗ್ರಾಂ ಕೊಟ್ಟು ನೋಡಿದಾಗ, ಪ್ರಮಾಣ ಏರಿದಂತೆ ಸಂಕೋಚನವೂ ಏರಿತು; 40 ಮಿಲಿಗ್ರಾಂಗೆ ಪಿತ್ತಕೋಶ ಸರಿಸುಮಾರು ಅರ್ಧದಷ್ಟು ಖಾಲಿಯಾಗಿತ್ತು. ಅರಿಶಿನದ ಪುಡಿಯಲ್ಲಿ ಸಾಮಾನ್ಯವಾಗಿ ಶೇ 2ರಿಂದ 5ರಷ್ಟು ಕರ್ಕ್ಯುಮಿನ್ ಇರುವುದರಿಂದ, 20 ಮಿಲಿಗ್ರಾಂ ಎಂದರೆ ಅಡುಗೆಮನೆಯ ಲೆಕ್ಕದಲ್ಲಿ ಒಂದು ಗ್ರಾಮಿನೊಳಗಿನ ಪುಡಿ. ಅಂದರೆ ಜೀರ್ಣಕ್ಕೆ ಅರಿಶಿನ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ನಂಬಿಕೆಯಾಗಿರಲಿಲ್ಲ, ಅಳತೆಗೆ ಸಿಗುವ ಸಂಗತಿಯೇ ಆಗಿತ್ತು.

ಇನ್ನೊಂದು ಪುರಾವೆ ನಮ್ಮ ರಾಜ್ಯದ್ದೇ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಪಿತ್ತಕೋಶದಲ್ಲಿ ಕಲ್ಲು ಕಟ್ಟಿಸುವಂಥ ಕೊಲೆಸ್ಟ್ರಾಲ್ ಬೆರೆತ ಆಹಾರವನ್ನು ಇಲಿಗಳಿಗೆ ತಿನ್ನಿಸಿ, ಕೆಲವಕ್ಕೆ ಅದೇ ಆಹಾರದಲ್ಲಿ ಶೇ 0.5ರಷ್ಟು ಕರ್ಕ್ಯುಮಿನ್ ಸೇರಿಸಿ ಹತ್ತು ವಾರ ನೋಡಿದರು. 1992ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಕರ್ಕ್ಯುಮಿನ್ ಇಲ್ಲದ ಗುಂಪಿನ ಎಲ್ಲ ಇಲಿಗಳಲ್ಲೂ ಕಲ್ಲು ಕಟ್ಟಿದ್ದರೆ, ಕರ್ಕ್ಯುಮಿನ್ ತಿಂದ ಗುಂಪಿನಲ್ಲಿ ಶೇ 26ರಷ್ಟು ಇಲಿಗಳಲ್ಲಿ ಮಾತ್ರ ಕಟ್ಟಿತ್ತು. ಮುಂದೆ ಅದೇ ಸಂಸ್ಥೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಮತ್ತು ಮೆಂತ್ಯಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಇಲಿಗಳಲ್ಲಿ ಮೊದಲೇ ಕಟ್ಟಿದ್ದ ಕೊಲೆಸ್ಟ್ರಾಲ್ ಕಲ್ಲುಗಳು ಕಡಿಮೆಯಾದದ್ದೂ ಕಂಡುಬಂತು. ಮಸಾಲೆ ಡಬ್ಬಿಯ ಬಗ್ಗೆ ಇಷ್ಟು ಶ್ರದ್ಧೆಯಿಂದ ನಡೆದ ಕೆಲಸವನ್ನು ನಮ್ಮ ಜಾಹೀರಾತುದಾರರು ಓದಿದ್ದಾರೋ ಇಲ್ಲವೋ, ಅದರ ಅರ್ಧ ವಾಕ್ಯವನ್ನಂತೂ ಚೆನ್ನಾಗಿ ಬಳಸಿಕೊಳ್ಳುತ್ತಿದ್ದಾರೆ.

ಉಳಿದ ಅರ್ಧ ಹೀಗಿದೆ. ಇಂಡೋನೇಷ್ಯಾದ ಅಧ್ಯಯನಗಳಲ್ಲಿ ಪಾಲ್ಗೊಂಡವರು ಆರೋಗ್ಯವಂತರು. ಅವರ ಪಿತ್ತಕೋಶ ಎಷ್ಟು ಚೆನ್ನಾಗಿ ಸಂಕುಚಿಸುತ್ತದೆ ಎಂದು ನೋಡಿದ್ದೇ ಹೊರತು, ಕಲ್ಲು ಕರಗುತ್ತದೆಯೇ ಎಂದು ನೋಡಿದ್ದಲ್ಲ. ಮೈಸೂರಿನ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ, ಅದೂ ಕೊಲೆಸ್ಟ್ರಾಲಿನ ಕಲ್ಲುಗಳ ಮೇಲೆ. ಈ ಎರಡನೆಯ ಮಾತು ನಮಗೆ ಬಹಳ ಮುಖ್ಯ, ಏಕೆಂದರೆ ಪಿತ್ತಕೋಶದ ಕಲ್ಲುಗಳೆಲ್ಲ ಒಂದೇ ಜಾತಿಯವಲ್ಲ. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲುಗಳೇ ಹೆಚ್ಚಾಗಿದ್ದರೆ, ದಕ್ಷಿಣದಲ್ಲಿ ಬಿಲಿರುಬಿನ್ ಎಂಬ ವರ್ಣಕವೂ ಕ್ಯಾಲ್ಸಿಯಮ್ಮೂ ಸೇರಿ ಕಟ್ಟುವ ಕಲ್ಲುಗಳ ಮತ್ತು ಮಿಶ್ರ ಕಲ್ಲುಗಳ ಪಾಲು ಗಣನೀಯವಾಗಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಯ ಕಡೆಯವರ ಕೈಗೆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲ್ಲುಗಳನ್ನು ಕೊಡುವ ರೂಢಿಯನ್ನು ತಾವು ಬಲ್ಲಿರಿ. ನನಗೆ ಪರಿಚಯದ ಮನೆಯೊಂದರಲ್ಲಿ ಅಂಥ ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದೇನೆ. ಕಲ್ಲುಗಳು ಒಣಗಿದ ಕಾಳುಮೆಣಸಿನಂತೆ ಕಪ್ಪಗೆ, ಒರಟಾಗಿದ್ದವು; ಒಂದನ್ನು ಉಗುರಿನಿಂದ ಒತ್ತಿದಾಗ ಪುಡಿಯಾಗಿ ಕಾಗದದ ಮೇಲೆ ಕಂದು ಗುರುತು ಉಳಿಯಿತು. ಕೊಲೆಸ್ಟ್ರಾಲಿನ ಕಲ್ಲು ಸಾಮಾನ್ಯವಾಗಿ ಹಳದಿ ಛಾಯೆಯದು, ಮುರಿದರೆ ಒಳಗೆ ಹರಳಿನ ಹೊಳಪು ಕಾಣುತ್ತದೆ. ಕೊಲೆಸ್ಟ್ರಾಲನ್ನು ಕರಗಿಸುವ ಗುಣ ಯಾವ ಗಿಡಮೂಲಿಕೆಗೇ ಇರಲಿ, ಆ ಡಬ್ಬಿಯಲ್ಲಿದ್ದ ಕಪ್ಪು ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಕಲ್ಲನ್ನು ಕರಗಿಸುವ ಔಷಧಿಯೇ ಇಲ್ಲವೆಂದಲ್ಲ, ಒಂದು ಇದೆ. ಅದರ ಮೂಲವೂ ಪಾರಂಪರಿಕ ವೈದ್ಯವೇ. ಚೀನಾದ ವೈದ್ಯರು ಶತಮಾನಗಳಿಂದ ಬಳಸುತ್ತಿದ್ದ ಕರಡಿಯ ಪಿತ್ತದಲ್ಲಿ ಹೇರಳವಾಗಿರುವ ಒಂದು ಆಮ್ಲವನ್ನು ಬೇರ್ಪಡಿಸಿ, ಪರೀಕ್ಷೆಗೆ ಒಡ್ಡಿ, ಇಂದು ಕರಡಿಯ ಹಂಗಿಲ್ಲದೆ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂಬ ಆ ಮಾತ್ರೆಯನ್ನು ನಮ್ಮ ಔಷಧಿ ಅಂಗಡಿಗಳಲ್ಲೂ ಮಾರುತ್ತಾರೆ. ಪರೀಕ್ಷೆಗೆ ಒಡ್ಡಿದ್ದರಿಂದ ಅದರ ಶಕ್ತಿಯ ಜೊತೆಗೆ ಮಿತಿಯೂ ತಿಳಿಯಿತು. ಕ್ಯಾಲ್ಸಿಯಂ ಸೇರದ ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳಿದ್ದು, ಪಿತ್ತಕೋಶ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ ಅದು ಫಲಕಾರಿ. ಆರು ತಿಂಗಳಿಂದ ಎರಡು ವರ್ಷ ತೆಗೆದುಕೊಳ್ಳಬೇಕು. ಕರಗಿದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಕಲ್ಲು ಮತ್ತೆ ಕಟ್ಟುತ್ತದೆ. ಕಲ್ಲು ಕರಗಿಸುವುದಕ್ಕೆಂದೇ ಇರುವ ಔಷಧಿಯ ಹಣೆಬರಹ ಇದಾಗಿರುವಾಗ, ಎಂಥ ಕಲ್ಲನ್ನಾದರೂ 48 ದಿನಗಳಲ್ಲಿ ಕರಗಿಸುತ್ತೇವೆ ಎಂಬ ಭರವಸೆಯನ್ನು ಕೊಡುವವರು ಯಾವ ಆಧಾರದ ಮೇಲೆ ಕೊಡುತ್ತಿದ್ದಾರೆ ಎಂದು ಕೇಳುವ ಅಧಿಕಾರ ತಮಗಿದೆ.

ಹಾಗಾದರೆ ಕಷಾಯ ಕುಡಿದು ಗುಣವಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಪಿತ್ತಕೋಶದ ಕಲ್ಲುಗಳಲ್ಲಿ ಬಹುಪಾಲು ಸದ್ದಿಲ್ಲದೆ ಇರುವಂಥವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಪಾಸಣೆಯ ವೇಳೆ ಕಲ್ಲು ಇರುವುದು ಗೊತ್ತಾದ, ಆದರೆ ಯಾವ ತೊಂದರೆಯೂ ಇಲ್ಲದಿದ್ದ 123 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 15 ವರ್ಷಗಳಲ್ಲಿ ನೋವು ಕಾಣಿಸಿಕೊಂಡದ್ದು ಸುಮಾರು ಶೇ 18ರಷ್ಟು ಜನರಿಗೆ ಮಾತ್ರ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿ, ಕಲ್ಲು ಇದೆ ಎಂದು ತಿಳಿದು, ಗಾಬರಿಯಿಂದ ಕಷಾಯ ಹಿಡಿದವರಲ್ಲಿ ಐವರಲ್ಲಿ ನಾಲ್ವರಿಗೆ ಕಷಾಯವಿಲ್ಲದಿದ್ದರೂ ನೋವು ಬರುತ್ತಿರಲಿಲ್ಲ ಎಂದಾಯಿತು. ಅವರು ಹೇಳುವ ಅನುಭವ ನಿಜ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಕಷಾಯ ಮುಗಿದ ಮೇಲೆ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿದಿರಾ ಎಂದು ಕೇಳಿದರೆ, ನೋವೇ ಇಲ್ಲದ ಮೇಲೆ ಏಕೆ ಮಾಡಿಸಬೇಕು ಎಂಬ ಉತ್ತರ ಬರುತ್ತದೆ.

ಈಗ ಅಪಾಯದ ಮಾತು. ಅರಿಶಿನದ ಗುಣವೆಂದು ಮೇಲೆ ಹೇಳಿದೆನಲ್ಲ, ಪಿತ್ತಕೋಶವನ್ನು ಸಂಕುಚಿಸುವ ಗುಣ, ಒಳಗೆ ಕಲ್ಲಿರುವವರಿಗೆ ಅದೇ ಮುಳುವಾಗಬಹುದು. ಕಲ್ಲಿಲ್ಲದ ಚೀಲ ಹಿಂಡಿಕೊಂಡರೆ ರಸ ಮಾತ್ರ ಹೊರಬರುತ್ತದೆ; ಕಲ್ಲು ತುಂಬಿದ ಚೀಲ ಹಿಂಡಿಕೊಂಡರೆ ಕಲ್ಲೂ ರಸದ ಜೊತೆಗೆ ನಾಳದ ಬಾಯಿಗೆ ಬಂದು ಸಿಕ್ಕಿಕೊಳ್ಳಬಹುದು. ಚೀಲದ ಕುತ್ತಿಗೆಯಲ್ಲೇ ಸಿಕ್ಕಿಕೊಂಡರೆ ತಡೆಯಲಾರದ ನೋವು ಮತ್ತು ಸೋಂಕು. ಇನ್ನೂ ಕೆಳಗಿಳಿದು ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ. ಆ ನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಕೂಡಿಯೇ ಕರುಳಿಗೆ ತೆರೆದುಕೊಳ್ಳುವುದರಿಂದ ಆ ಗ್ರಂಥಿಯ ಉರಿಯೂತವೂ ಆಗಬಹುದು, ಅದು ಪ್ರಾಣಕ್ಕೇ ಎರವಾಗುವಂಥದು. ಇದು ಅಲೋಪತಿಯವರ ಪೂರ್ವಗ್ರಹವೇನಲ್ಲ. ಅರಿಶಿನವನ್ನು ಅಜೀರ್ಣಕ್ಕೆ ಔಷಧಿಯೆಂದು ಒಪ್ಪಿಕೊಂಡ ಜರ್ಮನಿಯ ಗಿಡಮೂಲಿಕೆ ತಜ್ಞರ ಸಮಿತಿಯೇ, ಪಿತ್ತನಾಳದಲ್ಲಿ ತಡೆ ಇರುವವರಿಗೆ ಅದನ್ನು ಕೊಡಬಾರದು, ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು ಎಂದು ಬರೆದಿದೆ. ಯುರೋಪಿನ ಔಷಧಿ ಸಂಸ್ಥೆಯ ಗಿಡಮೂಲಿಕೆ ಸಮಿತಿ ಒಂದು ಹೆಜ್ಜೆ ಮುಂದೆ ಹೋಗಿ, ಕಲ್ಲು ಇರುವವರಿಗೆ ಅರಿಶಿನದ ಔಷಧಿಯನ್ನು ಶಿಫಾರಸು ಮಾಡುವುದೇ ಇಲ್ಲ. ಇಲ್ಲಿ ಹೇಳುತ್ತಿರುವುದು ಔಷಧಿಯ ಪ್ರಮಾಣದ ಮಾತು. ಸಾರಿಗೆ ಹಾಕುವ ಚಿಟಿಕೆಯನ್ನು ನಿಲ್ಲಿಸಬೇಕೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು.

ಕ್ಯಾಪ್ಸೂಲುಗಳ ವಿಷಯ ಬೇರೆಯೇ ಇದೆ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರಿಮೆಣಸಿನ ಪೈಪರಿನ್ ಜೊತೆಗಿದ್ದರೆ ಅದು ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆ ಮೇಲೆ ಎರಡನ್ನೂ ಬೆರೆಸಿದ ಕ್ಯಾಪ್ಸೂಲುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. 2019ರಲ್ಲಿ ಇಟಲಿಯಲ್ಲಿ, ಅನಂತರ ಅಮೆರಿಕದಲ್ಲಿ, ಅಂಥ ಪೂರಕಗಳನ್ನು ನುಂಗಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ವರದಿಯಾಯಿತು. ಅಪರೂಪದ ಪರಿಣಾಮವೇ ಆದರೂ, ಯಕೃತ್ತಿಗೆ ಒಳ್ಳೆಯದು ಎಂದು ಕೊಂಡ ಮಾತ್ರೆ ಯಕೃತ್ತಿಗೇ ಪೆಟ್ಟು ಕೊಡಬಹುದು ಎಂಬುದನ್ನು ಮಾರುವವರೂ ಕೊಳ್ಳುವವರೂ ತಿಳಿದಿರಬೇಕು.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಆಲಿವ್ ಎಣ್ಣೆ ಮತ್ತು ನಿಂಬೆರಸದ ಪ್ರಯೋಗದ ಬಗ್ಗೆಯೂ ಒಂದು ಮಾತು. ರಾತ್ರಿ ಅದನ್ನು ಕುಡಿದು ಬೆಳಿಗ್ಗೆ ಮಲದಲ್ಲಿ ಹಸಿರು ಉಂಡೆಗಳು ಬಂದರೆ ಕಲ್ಲು ಬಿತ್ತು ಎಂದು ಸಂಭ್ರಮಿಸುತ್ತಾರೆ. ನ್ಯೂಜಿಲೆಂಡಿನ ವೈದ್ಯರು ಅಂಥ ಉಂಡೆಗಳನ್ನು ವಿಶ್ಲೇಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ: ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ, ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ, ಸ್ವಲ್ಪ ಬಿಸಿ ತಾಗಿದರೆ ಕರಗಿ ಹಸಿರು ಎಣ್ಣೆಯಾಗುತ್ತಿದ್ದವು. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಹೊರಬಂದಿತ್ತು. ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರಿಗೆ ಇದು ಪಾಠಕ್ಕೆ ಒದಗುವ ಉದಾಹರಣೆ, ರೋಗಿಗೆ ಮಾತ್ರ ಕಾಲಹರಣ.

ತಮ್ಮ ಗಮನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯಬೇಕಾಗಿರುವುದು ಕಾಮಾಲೆಯ ಔಷಧಿಯ ವಿಷಯಕ್ಕೆ. ಮಲೆನಾಡಿನಲ್ಲಿ ಕಣ್ಣು ಹಳದಿಯಾದರೆ ಮೊದಲು ಹೋಗುವುದು ನಾಟಿ ಔಷಧಿ ಕೊಡುವ ಮನೆಗೇ. ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾರೆ, ಎಣ್ಣೆ ಮತ್ತು ಖಾರ ಬಿಟ್ಟು ಪಥ್ಯ ಹೇಳುತ್ತಾರೆ. ಕಲುಷಿತ ನೀರಿನಿಂದ ಬರುವ ವೈರಸ್ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯುವುದರಿಂದ ಈ ಔಷಧಿಗೆ ಒಳ್ಳೆಯ ಹೆಸರೂ ಇದೆ. ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿಯೂ ಇಲ್ಲ. 1988ರಲ್ಲಿ ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ವಾಹಕರಲ್ಲಿ ಅದರಿಂದ ಒಳ್ಳೆಯ ಫಲ ಕಂಡುದಾಗಿ ಪ್ರಕಟಿಸಿದಾಗ ಜಗತ್ತೇ ಕಿವಿಗೊಟ್ಟಿತ್ತು. ಆಮೇಲೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಅದೇನೇ ಇದ್ದರೂ ಅದು ವೈರಸ್ಸಿನ ಮಾತು. ನಾಳಕ್ಕೆ ಕಲ್ಲು ಅಡ್ಡ ಬಿದ್ದು ಬಂದ ಕಾಮಾಲೆಗೆ ಸೊಪ್ಪಿನ ರಸ ದಾರಿ ಬಿಡಿಸಲಾರದು.

ನಮ್ಮ ಪಕ್ಕದ ಊರಿನ ಹೆಣ್ಣುಮಗಳೊಬ್ಬಳು ಹೀಗೆ ಮೂರನೆಯ ವಾರದವರೆಗೂ ಪಥ್ಯದಲ್ಲಿದ್ದಳು. ಮೈಯೆಲ್ಲ ತುರಿಕೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ, ಮಲ ಬಿಳಿಚಿಕೊಂಡಿತ್ತು. ಚಳಿಜ್ವರ ಬಂದು ನಡುಗತೊಡಗಿದಾಗ ಮನೆಯವರು ಹೊತ್ತುಕೊಂಡು ಹೋದರು. ಪಿತ್ತನಾಳದಲ್ಲಿ ಕಲ್ಲಿತ್ತು, ಸೋಂಕು ರಕ್ತಕ್ಕೆ ಏರಿತ್ತು. ಎಂಡೋಸ್ಕೋಪಿಯಿಂದ ಕಲ್ಲು ತೆಗೆದು ಉಳಿಸಿಕೊಂಡರು. ಔಷಧಿ ಕೊಟ್ಟವರನ್ನು ನಾನು ದೂರುತ್ತಿಲ್ಲ, ಅವರು ಹಣವನ್ನೂ ತೆಗೆದುಕೊಂಡಿರಲಿಲ್ಲ. ಆದರೆ ಮಲದ ಬಣ್ಣವನ್ನು ಒಮ್ಮೆ ಕೇಳಿದ್ದರೂ ಸಾಕಿತ್ತು. ಚರಕ ಸಂಹಿತೆಯಲ್ಲಿಯೇ ಎಳ್ಳಿನ ಹಿಟ್ಟಿನ ಬಣ್ಣದ ಮಲ ಹೋಗುವ ಕಾಮಾಲೆಯನ್ನು, ಪಿತ್ತದ ದಾರಿ ಕಟ್ಟಿಕೊಂಡ ಕಾಮಾಲೆಯೆಂದು ಪ್ರತ್ಯೇಕವಾಗಿ ಹೇಳಿದೆ, ಅದರ ಚಿಕಿತ್ಸೆಯ ಕ್ರಮವೂ ಬೇರೆ. ಪರಂಪರೆಯ ಹೆಸರಿನಲ್ಲಿ ಔಷಧಿ ಕೊಡುವವರು ಪರಂಪರೆಯ ಈ ಎಚ್ಚರವನ್ನೂ ಪಾಲಿಸಬೇಕು ಎಂದು ಕೇಳುವುದು ಅತಿಯಾಗಲಾರದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇವು. ಜಿಲ್ಲೆಯ ಆಯುಷ್ ಆಸ್ಪತ್ರೆಗಳಲ್ಲಿ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಪಿತ್ತಕೋಶದ ಕಲ್ಲಿಗೋ ಕಾಮಾಲೆಗೋ ಔಷಧಿ ಆರಂಭಿಸುವ ಮೊದಲು ಅಲ್ಟ್ರಾಸೌಂಡ್ ವರದಿಯನ್ನೂ ಬಿಲಿರುಬಿನ್ ಪರೀಕ್ಷೆಯನ್ನೂ ಕಡ್ಡಾಯವಾಗಿ ನೋಡುವಂತೆ ಸುತ್ತೋಲೆ ಹೊರಡಿಸಬೇಕು. ಬಿಳಿಚಿದ ಮಲ, ತುರಿಕೆ, ಚಳಿಜ್ವರ, ಬಲಪಕ್ಕೆಯಿಂದ ಬೆನ್ನಿಗೆ ಹೊಡೆಯುವ ನೋವು ಇವುಗಳಲ್ಲಿ ಯಾವುದೇ ಕಂಡರೂ ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ಆಶಾ ಕಾರ್ಯಕರ್ತೆಯರಿಗೂ ನಾಟಿ ವೈದ್ಯರಿಗೂ ಕೂಡಿಸಿ ತಿಳಿಸಬೇಕು. ಬಸ್ ನಿಲ್ದಾಣದ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ‘ಆಪರೇಷನ್ ಇಲ್ಲದೆ ಕಲ್ಲು ಮಾಯ’ ಎಂದು ಫೋನ್ ನಂಬರಿನ ಸಮೇತ ಅಂಟಿಸಿರುವ ಚೀಟಿಗಳ ವಿಷಯದಲ್ಲಿ ಹೊಸ ಕಾನೂನೇನೂ ಬೇಡ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಪಿತ್ತಕೋಶದ, ಮೂತ್ರಪಿಂಡದ ಮತ್ತು ಮೂತ್ರಕೋಶದ ಕಲ್ಲುಗಳು ಹೆಸರು ಸಮೇತ ಇವೆ. ಇವನ್ನು ಗುಣಪಡಿಸುತ್ತೇವೆಂದು ಸಾರ್ವಜನಿಕರಿಗೆ ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. ಇರುವ ಕಾಯ್ದೆಯನ್ನು ನಡೆಸಿದರೆ ಸಾಕು.

ಕೊನೆಯ ವಿನಂತಿ ಒಂದು ಅಧ್ಯಯನದ್ದು, ಅದಕ್ಕೆ ಬೇಕಾದ ಎಲ್ಲವೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ತೆಗೆದ ಪಿತ್ತಕೋಶದ ಕಲ್ಲುಗಳನ್ನು ರೋಗಿಯ ಒಪ್ಪಿಗೆ ಪಡೆದು ಒಂದು ವರ್ಷ ಸಂಗ್ರಹಿಸಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ನೆರವಿನಿಂದ ಅವುಗಳ ರಾಸಾಯನಿಕ ವಿಶ್ಲೇಷಣೆ ಮಾಡಿಸಿದರೆ, ಮಲೆನಾಡಿನವರ ಪಿತ್ತಕೋಶದಲ್ಲಿ ಕಟ್ಟುವ ಕಲ್ಲು ಯಾವ ಜಾತಿಯದೆಂದು ಗೊತ್ತಾಗುತ್ತದೆ. ಅದು ಗೊತ್ತಾಗದೆ ಯಾವ ಗಿಡಮೂಲಿಕೆಯ ಬಗ್ಗೆಯೂ ಮುಂದಿನ ಮಾತಾಡುವಂತಿಲ್ಲ. ಅದರ ಜೊತೆಗೆ, ಸರ್ಕಾರಿ ಆಯುರ್ವೇದ ಕಾಲೇಜು ಮತ್ತು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಕೂಡಿ, ಕಲ್ಲು ಇಲ್ಲವೆಂದು ಸ್ಕ್ಯಾನಿಂಗ್‌ನಲ್ಲಿ ಖಚಿತವಾದ ಸ್ವಯಂಸೇವಕರಿಗೆ ಮಾತ್ರ, ನಮ್ಮ ಮನೆಗಳಲ್ಲಿ ಮಾಡುವ ಪ್ರಮಾಣದ ಅರಿಶಿನ ಕಷಾಯವನ್ನು ಕೊಟ್ಟು, ಪಿತ್ತಕೋಶ ಎಷ್ಟು ಖಾಲಿಯಾಗುತ್ತದೆಂದು ಅಳೆಯಬಹುದು. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಮೊದಲೇ ದಾಖಲಿಸಿ, ಫಲ ಬಂದರೂ ಬರದಿದ್ದರೂ ಪ್ರಕಟಿಸಬೇಕು. ಕಲ್ಲು ಇರುವವರಿಗೆ ಕಷಾಯ ಕೊಟ್ಟು ನೋಡುವ ಪ್ರಯೋಗವನ್ನು ಮಾತ್ರ, ಮೇಲೆ ಹೇಳಿದ ಕಾರಣಕ್ಕೆ, ಯಾರೂ ಕೈಗೆತ್ತಿಕೊಳ್ಳಬಾರದು.

ಈ ಕೆಲಸದಲ್ಲಿ ನಾಟಿ ವೈದ್ಯರನ್ನು ಆರೋಪಿಗಳಂತೆ ಕಾಣದೆ ಪಾಲುದಾರರಾಗಿ ಕರೆಯಬೇಕು. ಯಾವ ಗಿಡ, ಎಷ್ಟು ಪ್ರಮಾಣ, ಯಾವ ಅನುಪಾನ (ಔಷಧಿಯನ್ನು ಯಾವುದರ ಜೊತೆ ಸೇವಿಸಬೇಕು) ಎಂಬುದು ಅವರಿಗೆ ತಿಳಿದಿರುವಷ್ಟು ನಮಗೆ ಯಾರಿಗೂ ತಿಳಿದಿಲ್ಲ. ತಾವು ಮೊದಲ ಸಭೆಯ ದಿನವನ್ನು ಗೊತ್ತುಮಾಡಿದರೆ, ನಮ್ಮ ತಾಲ್ಲೂಕಿನಲ್ಲಿ ಕಾಮಾಲೆಗೆ ಔಷಧಿ ಕೊಡುವ ಮನೆಗಳವರನ್ನು ಮಾತನಾಡಿಸಿ ಸಭೆಗೆ ಕರೆತರುವ ಹೊಣೆಯನ್ನು ನಾನು ಹೊತ್ತುಕೊಳ್ಳುತ್ತೇನೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಯಾರಿಗೂ ಬಿಡುವಿರುವುದಿಲ್ಲವಾದ್ದರಿಂದ, ಸಭೆ ಅದಕ್ಕೆ ಮೊದಲೇ ನಡೆದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ನಾಗರಿಕ